ಹಾಡಿಗೂ ಒಂದು ಕಾಲ

ಪ್ರತಿಯೊಂದು ಕಾರ್ಯಕ್ಕೂ ತಕ್ಕ ಕಾಲವುಂಟೆಂದು ಉಪದೇಶಕ ಗ್ರಂಥದ 3ನೇ ಅಧ್ಯಾಯ ನಮಗೆ ಬೋಧಿಸುತ್ತದೆ. ಹಾಡಿನ ವಿಷಯದಲ್ಲಿ ಧರ್ಮಸಭೆ ಈ ಬೋಧನೆಯನ್ನು ತಪ್ಪದೆ ಪಾಲಿಸುತ್ತಾ ಬಂದಿದೆ. ತಪಸ್ಸುಕಾಲವಿಡೀ ನಮ್ಮ ದೇವಾಲಯಗಳಲ್ಲಿ ಅಲ್ಲೆಲೂಯ ಕೇಳಿಸುವುದಿಲ್ಲ. ಆಗಮನ ಕಾಲದ ಭಾನುವಾರಗಳಲ್ಲಿ ಮಹಿಮಾಗೀತೆ ಇರುವುದಿಲ್ಲ. ಅವು ಬೇಡವಾದ ಹಾಡುಗಳೆಂದಲ್ಲ; ಬಹು ಪ್ರಿಯವಾದವುಗಳೆಂದೇ ಅವನ್ನು ಕಾದಿರಿಸಲಾಗಿದೆ. ಪಾಸ್ಖ ಜಾಗರಣೆಯ ರಾತ್ರಿ ಅಲ್ಲೆಲೂಯ ಮರಳಿ ಮೊಳಗುವಾಗ ನಮ್ಮ ಹೃದಯ ತುಂಬಿ ಬರುವುದು ಆ ಮೌನದ ಫಲ.

ಮನೆಗಳಲ್ಲಿ ಈ ಕ್ರಮ ಸಡಿಲವಾಗುತ್ತಿದೆ. ಹಿಂದೆ ಕ್ರಿಸ್ಮಸ್ ಹಾಡಿನ ಕ್ಯಾಸೆಟ್ಟನ್ನು ಗೋದಲಿಯ ಬೊಂಬೆಗಳೊಡನೆ ಪೆಟ್ಟಿಗೆಯಲ್ಲಿ ಎತ್ತಿಡಬಹುದಿತ್ತು. ಇಂದು ಕಂಪ್ಯೂಟರಿನಲ್ಲಿ, ಮೊಬೈಲಿನಲ್ಲಿ ಸಾವಿರಾರು ಹಾಡುಗಳು ಒಂದೇ ಕಡೆ ಇರುತ್ತವೆ. 'ಷಫಲ್' ಒತ್ತಿದರೆ ಯಂತ್ರ ಅವನ್ನು ಕಲಸಿ, ಸಿಕ್ಕಿದ್ದನ್ನು ಹಾಡಿಸುತ್ತದೆ. ಅದಕ್ಕೆ ಶುಭ ಶುಕ್ರವಾರವೂ ಒಂದೇ, ಡಿಸೆಂಬರ್ 24ರ ರಾತ್ರಿಯೂ ಒಂದೇ. ವರ್ಷವಿಡೀ ಕಿವಿಗೆ ಬೀಳುವ ಹಾಡಿಗಾಗಿ ಯಾವ ಮಗು ಕಾದೀತು? ಕಾಯುವುದನ್ನೇ ಅರಿಯದ ಮಗುವಿಗೆ ಆಗಮನ ಕಾಲದ ಅರ್ಥವನ್ನು ತಿಳಿಸುವುದಾದರೂ ಹೇಗೆ?

ಪ್ರಿಯ ಪೋಷಕರೇ, ಇದಕ್ಕಾಗಿ ಹಾಡುಗಳನ್ನು ಅಳಿಸಬೇಕಾಗಿಲ್ಲ. ಹಾಡಿನ ಫೈಲಿನೊಳಗೆ ಹೆಸರು, ಗಾಯಕರು, ಪ್ರಕಾರ ಮುಂತಾದ ವಿವರಗಳನ್ನು ಬರೆದಿಡಲು ಜಾಗವಿರುತ್ತದೆ. ಪ್ರಕಾರದ ಜಾಗದಲ್ಲಿ 'ಕ್ರಿಸ್ಮಸ್', 'ಆಗಮನ', 'ತಪಸ್ಸು', 'ಪಾಸ್ಖ' ಎಂದು ನಾವೇ ಗುರುತು ಹಾಕಬಹುದು. ಕಂಪ್ಯೂಟರಿನಲ್ಲಿ ಆಪಲ್ ಸಂಸ್ಥೆಯ ಐಟ್ಯೂನ್ಸ್ ಅಥವಾ 2019ರಲ್ಲಿ ಮ್ಯಾಕ್‌ಗಳಲ್ಲಿ ಅದರ ಸ್ಥಾನಕ್ಕೆ ಬಂದ ಮ್ಯೂಸಿಕ್ ಬಳಸುವವರಿಗೆ ಎರಡು ದಾರಿಗಳಿವೆ.

ಮೊದಲನೆಯದು: ಕ್ರಿಸ್ಮಸ್ ಹಾಡುಗಳನ್ನು ಒಟ್ಟಿಗೆ ಆರಿಸಿ, ಅವುಗಳ ವಿವರದ ಪುಟದ 'ಆಪ್ಷನ್ಸ್' ಭಾಗದಲ್ಲಿ 'ಸ್ಕಿಪ್ ವೆನ್ ಷಫ್ಲಿಂಗ್' ಎಂಬುದಕ್ಕೆ ಗುರುತು ಹಾಕುವುದು. ಆಗ ಕಲಸಿ ಹಾಡಿಸುವಾಗ ಅವು ಬರುವುದಿಲ್ಲ. ನಾವೇ ಆರಿಸಿದರೆ ಹಾಡುತ್ತವೆ.

ಎರಡನೆಯದು: 'ಸ್ಮಾರ್ಟ್ ಪ್ಲೇಲಿಸ್ಟ್' ಮಾಡಿ, ಪ್ರಕಾರ 'ಕ್ರಿಸ್ಮಸ್' ಅಲ್ಲದ ಹಾಡುಗಳು ಮಾತ್ರ ಇರಲಿ ಎಂಬ ನಿಯಮ ಕೊಡುವುದು. ಮುಂದೆ ಹೊಸ ಹಾಡು ಸೇರಿಸಿದಾಗ ಸರಿಯಾದ ಗುರುತು ಹಾಕಿದರೆ ಸಾಕು, ಪಟ್ಟಿ ತಾನೇ ಸರಿಹೊಂದುತ್ತದೆ. ಬೇರೆ ವ್ಯವಸ್ಥೆ ಬಳಸುವವರು ಆಯಾ ಕಾಲಕ್ಕೆ ಬೇರೆ ಬೇರೆ ಪಟ್ಟಿ ಮಾಡಿ, ಆ ಪಟ್ಟಿಯನ್ನಷ್ಟೇ ಹಾಕಿದರಾಯಿತು.

ಕ್ರಿಸ್ಮಸ್ ಕಾಲ ಡಿಸೆಂಬರ್ 25ಕ್ಕೆ ಮುಗಿಯುವುದಿಲ್ಲ, ಜನವರಿಯಲ್ಲಿ ಬರುವ ಪ್ರಭುವಿನ ಸ್ನಾನದೀಕ್ಷೆಯ ಹಬ್ಬದವರೆಗೂ ಇರುತ್ತದೆ. ಗೋದಲಿಯನ್ನು ಎತ್ತಿಡುವ ದಿನವೇ ಮಕ್ಕಳ ಕೈಯಿಂದ ಹಾಡುಗಳನ್ನೂ ಎತ್ತಿಡಿಸಿ. ಮುಂದಿನ ಕ್ರಿಸ್ಮಸ್ ರಾತ್ರಿ ಅವುಗಳನ್ನು ತೆರೆಯುವ ಭಾಗ್ಯ ಮನೆಯ ಅತಿ ಕಿರಿಯರಿಗಿರಲಿ.

ಒಂದು ಎಚ್ಚರಿಕೆಯೂ ಬೇಕು. ಹಾಸಿಗೆ ಹಿಡಿದ ಅಜ್ಜಿ ಜೂನ್ ತಿಂಗಳಲ್ಲಿ ಕ್ರಿಸ್ಮಸ್ ಹಾಡು ಕೇಳಬೇಕೆಂದು ಆಸೆಪಟ್ಟರೆ ಪಂಚಾಂಗ ತೋರಿಸಬೇಡಿ. ಹಾಡು ಹಾಕಿ, ಪಕ್ಕದಲ್ಲಿ ಕುಳಿತುಕೊಳ್ಳಿ. ಸಬ್ಬತ್ ದಿನವೇ ಮನುಷ್ಯನಿಗಾಗಿ ಇರುವುದಾದರೆ, ನಮ್ಮ ಹಾಡಿನ ಪಟ್ಟಿ ಅದಕ್ಕಿಂತ ದೊಡ್ಡದಲ್ಲ.

ಕುಟುಂಬದ ಚಿಂತನೆಗೆ:
1. ನಮ್ಮ ಮನೆಯಲ್ಲಿ ಯಾವ ಹಾಡಿಗಾಗಿ ನಾವು ನಿಜವಾಗಿ ಕಾಯುತ್ತೇವೆ?
2. ಈ ತಪಸ್ಸುಕಾಲದಲ್ಲಿ ಯಾವ ಹಾಡುಗಳಿಗೆ ವಿರಾಮ ಕೊಡೋಣ?