ಹಕ್ಕಿಯ ಕಾಲು ನೋಡಿ ಕೊಂಬೆ ಕಡಿ

ಮಗೂ, ಹಕ್ಕಿಗೊಂದು ಆಟದ ಮರ ಮಾಡಿಕೊಡಬೇಕು ಅಂತ ನಿನಗೇ ತೋಚಿತಲ್ಲ, ಬಹಳ ಸಂತೋಷ. ದಿನವಿಡೀ ಪಂಜರದಲ್ಲಿ ಕೂತ ಜೀವಕ್ಕೆ ಹತ್ತೋಕೆ, ಇಳಿಯೋಕೆ, ಕೊಕ್ಕಿನಲ್ಲಿ ಕಡಿಯೋಕೆ ಹೊರಗೊಂದು ಜಾಗ ಬೇಕೇ ಬೇಕು. ಆದರೆ ನೀನೋ, ಬೆಳಿಗ್ಗೆ ಹೊಳೆದದ್ದು ಸಂಜೆಗೆ ಎದ್ದು ನಿಂತಿರಬೇಕು, ರಾತ್ರಿಗೆ ಸ್ಟೇಟಸ್‌ನಲ್ಲಿ ಫೋಟೊ ಬಂದಿರಬೇಕು ಅನ್ನೋ ಪೈಕಿ. ಸ್ವಲ್ಪ ತಡಿ. ಗರಗಸ ಹುಡುಕೋ ಮೊದಲು ಹಕ್ಕಿಯ ಕಾಲನ್ನೊಮ್ಮೆ ಸರಿಯಾಗಿ ನೋಡು.

ಸಾಕುಗಿಳಿ ಬಡ್ಜಿಯಾಗಲಿ, ಕಾಕಟೀಲ್ ಆಗಲಿ, ಎರಡು ಬೆರಳು ಮುಂದೆ, ಎರಡು ಹಿಂದೆ. ಪಂಜರದ ಜೊತೆ ಅಂಗಡಿಯವರು ಕೊಡುವ ಪ್ಲಾಸ್ಟಿಕ್ ಕೋಲು ತುದಿಯಿಂದ ತುದಿಗೆ ಒಂದೇ ದಪ್ಪ. ಹಗಲೂ ರಾತ್ರಿ ಅದರ ಮೇಲೇ ಕೂತರೆ ಅಂಗಾಲಿನ ಒಂದೇ ಕಡೆ ಭಾರ ಬಿದ್ದು ಚರ್ಮ ಕೆಂಪೇರುತ್ತದೆ, ಸವೆಯುತ್ತದೆ, ಕೊನೆಗೆ ಹುಣ್ಣಾಗುತ್ತದೆ. ಹಕ್ಕಿಗಳು ಕಾಯಿಲೆಯನ್ನು ಆದಷ್ಟೂ ಬಚ್ಚಿಟ್ಟುಕೊಳ್ಳುತ್ತವೆ. ನಿನಗೆ ಗೊತ್ತಾಗುವ ಹೊತ್ತಿಗೆ ತಡವಾಗಿರುತ್ತದೆ. ಅದಕ್ಕೇ ಸೊಟ್ಟಗಿರುವ, ಒಂದೆಡೆ ದಪ್ಪ ಒಂದೆಡೆ ಸಣ್ಣ ಇರುವ ನಿಜವಾದ ಕೊಂಬೆಯೇ ಬೇಕು. ಬಡ್ಜಿಗೆ 1ರಿಂದ 1.5 ಸೆಂ.ಮೀ., ಕಾಕಟೀಲ್‌ಗೆ 1.5ರಿಂದ 2.5 ಸೆಂ.ಮೀ. ದಪ್ಪ ಸರಿಹೋಗುತ್ತದೆ. ಬೆರಳು ಕೊಂಬೆಯನ್ನು ಮುಕ್ಕಾಲು ಸುತ್ತಬೇಕು. ಹಿಂದಿನ ಉಗುರು ಮುಂದಿನ ಉಗುರಿಗೆ ತಾಗಿತೋ, ಕೊಂಬೆ ತೀರಾ ಸಣ್ಣದಾಯಿತು ಅಂತ ತಿಳಿ.

ಹಾಂ, ಊರ ಗಿಳಿಮರಿ ಹಿಡಿದು ತಂದು ಕೂರಿಸುವ ಆಲೋಚನೆ ಇದ್ದರೆ ಈಗಲೇ ಬಿಟ್ಟುಬಿಡು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ನಮ್ಮ ಗಿಳಿಯನ್ನು ಪಂಜರದಲ್ಲಿಡುವುದು ಅಪರಾಧ. ಅದರ ಮರ ಹೊರಗೇ ಇದೆ, ನೀನು ಮಾಡಿಕೊಡಬೇಕಾಗಿಲ್ಲ.

ಯಾವ ಮರ ಅಂತ ಕೇಳುತ್ತೀಯ. ಹಿತ್ತಲಲ್ಲಿ ಸೀಬೆ ಇದ್ದರೆ ಬೇರೆ ಹುಡುಕಬೇಡ; ಗಟ್ಟಿ ಕೊಂಬೆ, ತೊಗಟೆ ಕಿತ್ತು ತಿಂದರೂ ಹಕ್ಕಿಗೆ ಏನೂ ಆಗದು. ಚಿಕ್ಕಮಗಳೂರು, ಕೊಡಗಿನ ಕಡೆ ನೆಂಟರಿದ್ದರೆ ಹಳೇ ಕಾಫಿ ಗಿಡದ ಬುಡ ಒಂದನ್ನು ಕೇಳಿ ತಾ. ಹೊರದೇಶದ ಅಂಗಡಿಗಳಲ್ಲಿ ‘ಜಾವಾ ವುಡ್’ ಅಂತ ಭಾರೀ ಬೆಲೆಗೆ ಮಾರುವ ಹಕ್ಕಿಮರ ಬೇರೇನಲ್ಲ, ಜಾವಾ ತೋಟಗಳಲ್ಲಿ ಕಿತ್ತ ಮುದಿ ಕಾಫಿ ಗಿಡ. ನಮ್ಮಲ್ಲಿ ಅದು ಸೌದೆ ಒಲೆಗೆ ಹೋಗುತ್ತದೆ. ಗಂಟುಗಂಟಾಗಿ ಕವಲೊಡೆದ ಗಟ್ಟಿ ಮರ, ಕೊಕ್ಕಿಗೆ ಅಷ್ಟು ಬೇಗ ಸೋಲುವುದಿಲ್ಲ. ಆದರೆ ಕಣ್ಣು ಮುಚ್ಚಿ ತರಬೇಡ. ಅರೇಬಿಕಾ ಗಿಡ ಕಿತ್ತಿದ್ದಾರೆ ಅಂದರೆ ಬಿಳಿ ಕಾಂಡಕೊರಕ ಹುಳ ಬಿದ್ದಿರಲೂಬಹುದು. ಕಾಂಡದ ಮೇಲೆ ಉಬ್ಬಿದ ಏಣು, ಸಣ್ಣ ತೂತು ಕಂಡರೆ ಬೇಡ ಅಂದುಬಿಡು. ಎಲೆತುಕ್ಕಿಗೆ ಅಂತ ತೋಟದಲ್ಲಿ ಮೈಲುತುತ್ತ, ಸುಣ್ಣ ಬೆರೆಸಿದ ಬೋರ್ಡೋ ದ್ರಾವಣ ಹೊಡೆದಿರುತ್ತಾರೆ. ಹಾಗಾಗಿ ಕಾಫಿ ಕೊಂಬೆಯ ತೊಗಟೆಯನ್ನು ಪೂರ್ತಿ ಕೆರೆದು ತೆಗೆಯಬೇಕು.

ಕಣಗಿಲೆ ಬೇಡ, ಎಕ್ಕ ಬೇಡ, ಕಳ್ಳಿ ಬೇಡ. ಬೆಣ್ಣೆಹಣ್ಣಿನ ಮರವಂತೂ ಬೇಡವೇ ಬೇಡ. ನಾವು ಚಪ್ಪರಿಸಿ ತಿನ್ನುವ ಆ ಹಣ್ಣು, ಅದರ ಎಲೆ, ತೊಗಟೆ ಎಲ್ಲವೂ ಹಕ್ಕಿಗೆ ವಿಷ. ಮುರಿದರೆ ಹಾಲು ಸುರಿಯುವ ಗಿಡಗಳ ತಂಟೆಗೇ ಹೋಗಬೇಡ. ಹೆಸರು ಗೊತ್ತಿಲ್ಲದ ಮರ, ರಸ್ತೆ ಬದಿಯ ಮರ, ಕಾಫಿ ಬಿಟ್ಟರೆ ಔಷಧಿ ಹೊಡೆಯುವ ಬೇರೆ ತೋಟದ ಮರ, ಇವನ್ನೂ ಬಿಡು.

ತಂದ ಕೊಂಬೆಯನ್ನು ಬಿಸಿನೀರಿನಲ್ಲಿ ಉಜ್ಜಿ ತೊಳೆದು ಎರಡು ಮೂರು ವಾರ ಬಿಸಿಲಿಗೆ ಹಾಕು. ನಿನ್ನ ತಾಳ್ಮೆ ಕೆಡುವುದು ಇಲ್ಲೇ, ಬಲ್ಲೆ. ಕೆಡಲಿ, ಕೊಂಬೆ ಒಣಗಲಿ. ಆಮೇಲೆ ಬಿಳಿ ಕಾಗದದ ಮೇಲೆ ಹಿಡಿದು ಬಡಿದು ನೋಡು. ಹಿಟ್ಟಿನ ಹಾಗೆ ಹುಡಿ ಉದುರಿದರೆ ಒಳಗೆ ಹುಳ ಇದೆ, ಅದು ಒಲೆಗೆ.

ಜೋಡಿಸುವಾಗ ಆದಷ್ಟೂ ತೂತು ಕೊರೆದು ಮರದ ಗೂಟ ಬಡಿ. ಬೋಲ್ಟ್ ಬೇಕೆಂದರೆ ಸ್ಟೇನ್‌ಲೆಸ್ ಸ್ಟೀಲಿನದೇ ತಾ. ಹಾರ್ಡ್‌ವೇರ್ ಅಂಗಡಿಯವನು ಅಗ್ಗಕ್ಕೆ ಕೊಡುವ ಜಿಐ ತಂತಿ ಬೇಡ. ಅದರ ಮೇಲಿನ ಸತುವನ್ನು ಹಕ್ಕಿ ಕೆರೆದು ನುಂಗುತ್ತದೆ, ಅದು ಮೈಗೇರುತ್ತದೆ. ಬಣ್ಣ, ವಾರ್ನಿಷ್ ಯಾವುದೂ ಬೇಡ. ಎಳೆ ಬಿಟ್ಟ ಹತ್ತಿಹಗ್ಗವೂ ಬೇಡ, ಉಗುರು ಸಿಕ್ಕಿಕೊಂಡರೆ ಒದ್ದಾಡಿ ಕಾಲು ಮುರಿದುಕೊಳ್ಳುತ್ತದೆ. ಆಡೋಕೆ ಅರ್ಧ ತೆಂಗಿನ ಚಿಪ್ಪು, ಜೋಳದ ತೆನೆಯ ಸಿಪ್ಪೆ ಧಾರಾಳ. ಬುಡ ಅಗಲವಾಗಿ, ಭಾರವಾಗಿರಲಿ. ತುದಿ ಹಿಡಿದು ನೀನೇ ಅಲ್ಲಾಡಿಸು. ನಿನ್ನ ಕೈಗೆ ವಾಲಿದ ಮರವನ್ನು ಹಕ್ಕಿ ನಂಬುವುದಿಲ್ಲ. ಒಂದು ಕೊಂಬೆಯ ನೇರ ಕೆಳಗೆ ಇನ್ನೊಂದು ಬೇಡ, ಕಾಳಿನ ಬಟ್ಟಲಂತೂ ಬೇಡ. ಮೇಲಿಂದ ಏನು ಬೀಳುತ್ತದೆ ಅಂತ ನಿನಗೆ ಹೇಳಬೇಕೆ?

ಇಷ್ಟೆಲ್ಲ ಜತನದಿಂದ ಮಾಡಿ ಕೊನೆಗೆ ಫ್ಯಾನ್ ಕೆಳಗೆ ಇಡುತ್ತೀಯ ನೋಡು, ನನ್ನ ಹೆದರಿಕೆ ಅದೇ. ತಿರುಗುವ ಫ್ಯಾನಿನ ರೆಕ್ಕೆಗೆ ಹಕ್ಕಿ ಬಡಿದರೆ ಮುಗಿಯಿತು. ನೀನು ನೆನಪಿಟ್ಟುಕೊಂಡು ಆರಿಸಿರುತ್ತೀಯ. ಹೊರಗಿಂದ ಬೆವರುತ್ತ ಬಂದ ಚಿಕ್ಕಪ್ಪ ಚಪ್ಪಲಿ ಬಿಡುತ್ತಲೇ ಸ್ವಿಚ್ ಒತ್ತುತ್ತಾರೆ. ಹಕ್ಕಿ ಹೊರಗಿರುವಷ್ಟು ಹೊತ್ತೂ ಆ ಸ್ವಿಚ್ ಮೇಲೆ ಟೇಪ್ ಅಂಟಿಸು, ಯಾರು ನಕ್ಕರೂ ಸರಿ. ಅಡುಗೆಮನೆಯ ಹತ್ತಿರವೂ ಬೇಡ. ನಾನ್‌ಸ್ಟಿಕ್ ತವಾ ಖಾಲಿ ಕಾದು ಏಳುವ ಹೊಗೆ ನಮ್ಮ ಮೂಗಿಗೆ ಬಡಿಯದೆ ಇರಬಹುದು, ಹಕ್ಕಿಯನ್ನು ಮಾತ್ರ ನಿಮಿಷಗಳಲ್ಲಿ ಕೊಲ್ಲುತ್ತದೆ. ಸೊಳ್ಳೆಬತ್ತಿ, ಅಗರಬತ್ತಿ, ಸಾಂಬ್ರಾಣಿ ಹೊಗೆಯೂ ದೂರವಿರಲಿ. ಕಿಟಕಿಗಾಜಿಗೆ ಪರದೆ ಎಳೆ. ಹಕ್ಕಿ ಮರದ ಮೇಲಿದ್ದಾಗ ನೀನು ಅದೇ ಕೋಣೆಯಲ್ಲಿರು, ಕಣ್ಣು ಮೊಬೈಲಿನಲ್ಲಿ ಬೇಡ.

ಮರ ತಯಾರಾಯಿತು ಅಂತ ಹಕ್ಕಿಯನ್ನು ಹಿಡಿದು ತಂದು ಅದರ ಮೇಲೆ ಕೂರಿಸೀಯೆ, ಜೋಕೆ! ಗುರುತಿಲ್ಲದ ವಸ್ತು ಅಂದರೆ ಅದಕ್ಕೆ ಭಯ. ಮೊದಲು ನಾಲ್ಕಾರು ದಿನ ಮರವನ್ನು ಪಂಜರದಿಂದ ಸ್ವಲ್ಪ ದೂರದಲ್ಲಿಡು, ದಿನಕ್ಕಿಷ್ಟು ಹತ್ತಿರ ತಾ. ಕೆಳಗಿನ ಕೊಂಬೆಗೆ ಒಂದು ನವಣೆ ತೆನೆ ಸಿಕ್ಕಿಸಿ ಪಂಜರದ ಬಾಗಿಲು ತೆರೆದು ಸುಮ್ಮನೆ ಕೂತುಕೋ. ಇವತ್ತು ಬಾರದಿದ್ದರೆ ನಾಳೆ ಬರುತ್ತದೆ. ಬಂದಮೇಲೆ ಸೀಬೆಯ ತೊಗಟೆಯನ್ನೆಲ್ಲ ಸುಲಿದು ನೆಲಕ್ಕೆ ಸುರಿಯುತ್ತದೆ, ನೀನು ಕಷ್ಟಪಟ್ಟು ಕೂರಿಸಿದ ಕವಲನ್ನು ಕಡಿದು ಬೋಳಾಗಿಸುತ್ತದೆ. ಆಗ ಮುಖ ಊದಿಸಬೇಡ, ಮರ ಮಾಡಿದ್ದೇ ಅದಕ್ಕೆ. ಗೂಟ ಕಿತ್ತು ಬೇರೆ ಕೊಂಬೆ ಬಡಿಯಬಹುದು. ಅದಕ್ಕೆ ಬೇಕಾದ ಕೊಂಬೆಯನ್ನು ಈಗಲೇ ಕಡಿದು ಬಿಸಿಲಿಗೆ ಹಾಕಿಡು.