ಜಾರ್ ಕಟ್ಟುವ ಪುಟ್ಟಿಗೆ

ಪುಟ್ಟಿ,

ಮೊನ್ನೆ ಸೊರಬದಿಂದ ಶಿಕಾರಿಪುರಕ್ಕೆ ವಾಪಸ್ ಹೋಗುವಾಗ ಬಸ್ಸಿನಿಂದಲೇ ಫೋನ್ ಮಾಡಿದೆಯಲ್ಲ, ಶಿರಾಳಕೊಪ್ಪ ದಾಟುವಷ್ಟರಲ್ಲಿ ನಿನ್ನ ಗಂಟಲು ಕಟ್ಟಿತ್ತು. “ಮನೇಲಿ ಓಡಿತ್ತು ದೊಡ್ಡಪ್ಪ, ಅಲ್ಲಿ ಡಬಲ್ ಕ್ಲಿಕ್ ಮಾಡಿದ್ರೆ ಏನೂ ಆಗ್ಲಿಲ್ಲ. ಒಂದು ಎರರ್ ಕೂಡ ಬರ್ಲಿಲ್ಲ. ಎಲ್ರೂ ನೋಡ್ತಾ ನಿಂತಿದ್ರು” ಅಂದೆ. ಸೊರಬದ ಆ ಅಡಿಕೆ ಸಂಘದ ತೂಕದ ಚೀಟಿ, ಮುಂಗಡದ ಲೆಕ್ಕ, ತಿಂಗಳ ಪಟ್ಟಿ ಎಲ್ಲವನ್ನೂ ಒಂದೇ ಕಡೆ ತರುವ ಪ್ರೋಗ್ರಾಮು ಅದು. ನಾಲ್ಕು ತಿಂಗಳು ಕಾಲೇಜು ಮುಗಿಸಿ ಬಂದು ರಾತ್ರಿ ಕೂತು ಬರೆದಿದ್ದೀಯ. ಬಸ್ಸಿನ ಗದ್ದಲದಲ್ಲಿ ನನಗೆ ಸರಿಯಾಗಿ ಹೇಳಲಾಗಲಿಲ್ಲ, ಅದಕ್ಕೇ ಕೂತು ಬರೆಯುತ್ತಿದ್ದೇನೆ. ನಿನ್ನ ಜತೆ ಓದುವವರಿಗೂ ತೋರಿಸು. ಪ್ರೋಗ್ರಾಮ್ ಬರೆಯುವುದನ್ನು ನಿಮಗೆ ಕಲಿಸುತ್ತಾರೆ, ಬರೆದದ್ದನ್ನು ಕಟ್ಟಿ ಇನ್ನೊಬ್ಬರ ಕೈಗೆ ಕೊಡುವುದನ್ನು ಯಾರೂ ಕೂತು ಕಲಿಸುವುದಿಲ್ಲ.

ಮೊದಲನೆಯ ಮಾತು. ನಿನ್ನ ಪ್ರೋಗ್ರಾಮು ಸುಮ್ಮನಿರಲಿಲ್ಲ, ಮಾತಾಡಿತ್ತು. ಅದರ ಮಾತು ನಿಮ್ಮ ಯಾರ ಕಿವಿಗೂ ಬೀಳಲಿಲ್ಲ, ಅಷ್ಟೇ. ಜಾರ್ ಫೈಲಿನ ಮೇಲೆ ಡಬಲ್ ಕ್ಲಿಕ್ ಮಾಡಿದರೆ ವಿಂಡೋಸ್ ಅದನ್ನು ‘ಜಾವಾಡಬ್ಲ್ಯೂ’ ಕೈಗೆ ಕೊಡುತ್ತದೆ. ಅದಕ್ಕೆ ಕಮಾಂಡ್ ಪ್ರಾಂಪ್ಟಿನ ಕಪ್ಪು ಪರದೆ ಇರುವುದಿಲ್ಲ. ಒಮ್ಮೊಮ್ಮೆ ಚಿಕ್ಕ ಪೆಟ್ಟಿಗೆಯಲ್ಲಿ ಒಂದು ಸಾಲು ತೋರಿಸೀತು, ಆದರೆ ನೀನು ಕ್ಯಾಚ್ ಒಳಗೆ ಹಿಡಿದು ಪ್ರಿಂಟ್ ಮಾಡಿಸಿದ್ದೆಲ್ಲ ಎಲ್ಲೂ ಕಾಣದೆ ಹೋಗುತ್ತದೆ. ಹಾಗಾಗಿ ಏನೂ ಆಗಲಿಲ್ಲ ಅನಿಸಿದ ಕೂಡಲೇ ಡಬಲ್ ಕ್ಲಿಕ್ ಬಿಡು. ಕಮಾಂಡ್ ಪ್ರಾಂಪ್ಟ್ ತೆಗೆ, ಜಾರ್ ಇರುವ ಫೋಲ್ಡರಿಗೆ ಹೋಗು, ‘ಜಾವಾ -ಜಾರ್’ ಎಂದು ಬರೆದು ಮುಂದೆ ಫೈಲಿನ ಹೆಸರು ಹಾಕಿ ಓಡಿಸು.

ನಿನ್ನೆ ಸಂಘದ ಹುಡುಗನ ಕೈಲಿ ಹಾಗೆ ಮಾಡಿಸಿ ನೀನು ಕಳಿಸಿದ ಫೋಟೋ ನೋಡಿದೆ. ನಲವತ್ತು ಸಾಲು ಬಂದಿದೆ ಎಂದು ಗಾಬರಿಯಾಗಿದ್ದೀಯ. ಆ ನಲವತ್ತರಲ್ಲಿ ಓದಬೇಕಾದದ್ದು ಎರಡು. ಒಂದು ಮೊದಲನೆಯ ಸಾಲು. ಇನ್ನೊಂದು, ‘ಕಾಸ್ಡ್ ಬೈ’ ಎಂದು ಶುರುವಾಗುವ ಸಾಲುಗಳಲ್ಲಿ ಎಲ್ಲಕ್ಕಿಂತ ಕೆಳಗಿನದು. ನಿನ್ನದರಲ್ಲಿ ಮೊದಲ ಸಾಲೇ ಸಾಕಿತ್ತು: ‘ಕ್ಲಾಸ್ ನಾಟ್ ಫೌಂಡ್ ಎಕ್ಸೆಪ್ಶನ್’, ಅದರ ಮುಂದೆ ಎಸ್‌ಕ್ಯೂಲೈಟ್ ಡ್ರೈವರಿನ ಹೆಸರು. ಡೇಟಾಬೇಸಿನ ಡ್ರೈವರನ್ನು ನೀನು ಜತೆಗೆ ಕಳಿಸಿಲ್ಲ. ಡ್ರೈವರ್ ಸಿಗದಿದ್ದರೆ ಪ್ರಿಂಟ್ ಮಾಡಿ ಹೊರಗೆ ಬಾ ಎಂದು ಬರೆದವಳೂ ನೀನೇ. ಪ್ರೋಗ್ರಾಮು ನೀನು ಹೇಳಿದ ಹಾಗೆ ಕೇಳಿದೆ. ಅಲ್ಲಿ ಪ್ರಿಂಟ್ ಬದಲು ಪರದೆಯ ಮೇಲೆ ಒಂದು ಪೆಟ್ಟಿಗೆ ತೋರಿಸು, ಕನ್ನಡದಲ್ಲೇ. ಗುಮಾಸ್ತರು ಅದನ್ನು ಓದಿ ನಿನಗೆ ಫೋನಿನಲ್ಲಿ ಹೇಳುವ ಹಾಗಿರಬೇಕು.

ಈಗ ಜಾರ್ ಅಂದರೆ ಏನು ಎಂದು ಒಮ್ಮೆ ಕಣ್ಣಾರೆ ನೋಡು. 1997ರಲ್ಲಿ ಸನ್ ಮೈಕ್ರೋಸಿಸ್ಟಮ್ಸ್‌ನವರು ಜೆಡಿಕೆ 1.1ರ ಜತೆ ಇದನ್ನು ತಂದಾಗ ಹೊಸದೇನನ್ನೂ ಕಂಡುಹಿಡಿಯಲಿಲ್ಲ. ಅದು ಬರೀ ಜಿಪ್ ಫೈಲು. ನಿನ್ನ ಜಾರ್‌ಗೆ ಒಂದು ಪ್ರತಿ ಮಾಡಿ, ಹೆಸರಿನ ಕೊನೆಯಲ್ಲಿ ಜಿಪ್ ಎಂದು ಬದಲಿಸಿ ಬಿಚ್ಚು. ನಿನ್ನ ಕ್ಲಾಸುಗಳು, ಚಿತ್ರಗಳು, ಜತೆಗೆ ಮೆಟಾ-ಇನ್ಫ್ ಎಂಬ ಫೋಲ್ಡರ್. ಅದರೊಳಗೆ ಮ್ಯಾನಿಫೆಸ್ಟ್, ನೋಟ್‌ಪ್ಯಾಡಿನಲ್ಲಿ ತೆರೆದುಕೊಳ್ಳುವ ನಾಲ್ಕು ಸಾಲಿನ ಕಾಗದ. ‘ಮೇನ್-ಕ್ಲಾಸ್’ ಎಂಬ ಸಾಲು ಅಲ್ಲಿರಬೇಕು. ಅದಿಲ್ಲದಿದ್ದರೆ ‘ನೋ ಮೇನ್ ಮ್ಯಾನಿಫೆಸ್ಟ್ ಆಟ್ರಿಬ್ಯೂಟ್’ ಎಂಬ ದೂರು ಬರುತ್ತದೆ. ಎಲ್ಲಿಂದ ಶುರು ಮಾಡಲಿ ಎಂದು ಜಾವಾ ಕೇಳುತ್ತಿದೆ ಅಂತ ಅರ್ಥ. ಆ ಸಾಲಿನಲ್ಲಿ ಪ್ಯಾಕೇಜಿನ ಹೆಸರೂ ಸೇರಿ ಪೂರ್ತಿ ಹೆಸರು ಬೇಕು, ಕೋಲನ್ ಆದ ಮೇಲೆ ಒಂದು ಜಾಗ ಬಿಡಬೇಕು, ‘ಡಾಟ್ ಕ್ಲಾಸ್’ ಎಂದು ಕೊನೆಗೆ ಸೇರಿಸಬಾರದು.

2001ರಲ್ಲಿ, ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದ ಹೊಸತು, ಈ ಒಂದು ಸಾಲಿಗೆ ನಾನು ಒಂದಿಡೀ ರಾತ್ರಿ ಕಳೆದೆ. ಮ್ಯಾನಿಫೆಸ್ಟನ್ನು ಕೈಯಲ್ಲೇ ಬರೆದಿದ್ದೆ. ಹೆಸರು ಸರಿ, ಜಾಗ ಸರಿ, ಅಕ್ಷರ ಅಕ್ಷರ ತಾಳೆ ನೋಡಿದರೂ ಸರಿ. ಓಡಿಸಿದರೆ ಮೇನ್-ಕ್ಲಾಸ್ ಸಿಗಲಿಲ್ಲ ಎಂಬ ಅದೇ ಮಾತು. ಬೆಳಗಿನ ಜಾವ ಜಾರನ್ನು ಬಿಚ್ಚಿ ನೋಡಿದೆ. ಒಳಗಿನ ಮ್ಯಾನಿಫೆಸ್ಟಿನಲ್ಲಿ ನಾನು ಬರೆದ ಸಾಲೇ ಇರಲಿಲ್ಲ! ಕೊನೆಯ ಸಾಲು ಬರೆದ ಮೇಲೆ ಎಂಟರ್ ಒತ್ತಿರಲಿಲ್ಲ. ಹಾಗೆ ಒತ್ತದಿದ್ದರೆ ಆ ಸಾಲನ್ನು ಜಾರ್ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ನಾನು ರಾತ್ರಿಯೆಲ್ಲ ನೋಡುತ್ತಿದ್ದದ್ದು ನನ್ನ ಕೈಲಿದ್ದ ಫೈಲನ್ನು, ಜಾವಾ ನೋಡುತ್ತಿದ್ದದ್ದು ಒಳಗಿದ್ದ ಫೈಲನ್ನು. ಅವತ್ತಿನಿಂದ ಇವತ್ತಿನವರೆಗೆ, ಕಟ್ಟಿದ ಮೇಲೆ ಬಿಚ್ಚಿ ನೋಡದೆ ಒಂದು ಜಾರನ್ನೂ ನಾನು ಯಾರಿಗೂ ಕೊಟ್ಟಿಲ್ಲ. ನಿನಗೆ ಈಗ ಮೇವೆನ್ನೋ ಎಕ್ಲಿಪ್ಸೋ ಮ್ಯಾನಿಫೆಸ್ಟ್ ಬರೆದುಕೊಡುತ್ತದೆ. ಕೊಡಲಿ. ಬಿಚ್ಚಿ ನೋಡುವುದನ್ನು ಬಿಡಬೇಡ.

ನಿನ್ನ ಡ್ರೈವರಿನ ವಿಷಯಕ್ಕೆ ಬರೋಣ. ಭೂಮಿ ಹುಣ್ಣಿಮೆಗೆ ನಿನ್ನ ಅಜ್ಜಿ ಬುಟ್ಟಿ ತುಂಬುವುದನ್ನು ಚಿಕ್ಕಂದಿನಿಂದ ನೋಡಿದ್ದೀಯ. ಕೆಮ್ಮಣ್ಣು ಬಳಿದು, ಪುಂಡಿನಾರಿನ ಕುಂಚದಲ್ಲಿ ಅಕ್ಕಿಹಿಟ್ಟಿನ ಬಿಳಿ ಚಿತ್ತಾರ ಬರೆದ ಭೂಮಣ್ಣಿ ಬುಟ್ಟಿ. ಬೆಳಕು ಹರಿಯುವ ಮೊದಲೇ ಗದ್ದೆಗೆ ಹೊರಡಬೇಕು. ಕಡುಬು, ಬುತ್ತಿ, ಹಚ್ಚಂಬಲಿ, ಬಾಳೆಎಲೆ, ಅರಿಶಿನ ಕುಂಕುಮ, ಎಣ್ಣೆ ಬತ್ತಿ, ಬೆಂಕಿಪೊಟ್ಟಣ. ಒಂದೊಂದನ್ನೂ ಬಾಯಲ್ಲಿ ಹೇಳುತ್ತಾ ಬುಟ್ಟಿಗೆ ಇಡುತ್ತಿದ್ದಳು. ಗದ್ದೆಯಲ್ಲಿ ಅಡುಗೆಮನೆ ಇಲ್ಲ, ಬೆಂಕಿಪೊಟ್ಟಣ ಮರೆತರೆ ದೀಪ ಹತ್ತುವುದಿಲ್ಲ. ನಿನ್ನ ಲ್ಯಾಪ್‌ಟಾಪ್ ನಿನ್ನ ಅಡುಗೆಮನೆ ಪುಟ್ಟಿ. ಅಲ್ಲಿ ಡ್ರೈವರ್ ಯಾವುದೋ ಫೋಲ್ಡರಿನಲ್ಲಿತ್ತು, ಎಕ್ಲಿಪ್ಸ್ ಕೈಚಾಚಿ ತೆಗೆದುಕೊಂಡು ಓಡಿಸುತ್ತಿತ್ತು. ನೀನು ಕೊಂಡುಹೋದದ್ದು ಕಡುಬು ಮಾತ್ರ.

ಡ್ರೈವರನ್ನು ಜತೆಗೊಯ್ಯಲು ದಾರಿ ಎರಡು. ಜಾರ್ ಪಕ್ಕದಲ್ಲೇ ‘ಲಿಬ್’ ಎಂಬ ಫೋಲ್ಡರ್ ಮಾಡಿ ಡ್ರೈವರಿನ ಜಾರ್ ಅದರಲ್ಲಿಟ್ಟು, ಮ್ಯಾನಿಫೆಸ್ಟಿನಲ್ಲಿ ‘ಕ್ಲಾಸ್-ಪಾತ್’ ಸಾಲು ಬರೆಯುವುದು ಒಂದು. ಕ್ಲಾಸ್‌ಪಾತನ್ನು ಕಮಾಂಡಿನಲ್ಲೇ ಕೊಟ್ಟರಾಯಿತು ಎಂದುಕೊಳ್ಳಬೇಡ. ‘-ಜಾರ್’ ಎಂದು ಓಡಿಸಿದಾಗ ಜಾವಾ ಮ್ಯಾನಿಫೆಸ್ಟ್ ಹೇಳಿದ್ದನ್ನು ಮಾತ್ರ ಕೇಳುತ್ತದೆ, ನೀನು ಪಕ್ಕದಲ್ಲಿ ಬರೆದ ‘-ಸಿಪಿ’ಯನ್ನು ನೋಡುವುದೇ ಇಲ್ಲ. ಎಷ್ಟೋ ಜನ ದಿನಗಟ್ಟಲೆ ಎಡವುವ ಕಲ್ಲು ಅದು. ಎರಡನೆಯ ದಾರಿ, ಮೇವೆನ್‌ನ ಶೇಡ್ ಪ್ಲಗಿನ್ ಬಳಸಿ ಎಲ್ಲ ಲೈಬ್ರರಿಗಳನ್ನೂ ಬಿಚ್ಚಿ ಒಂದೇ ದೊಡ್ಡ ಜಾರ್ ಮಾಡುವುದು. ಫ್ಯಾಟ್ ಜಾರ್ ಅನ್ನುತ್ತಾರೆ. ಪೆನ್‌ಡ್ರೈವಿನಲ್ಲಿ ಒಂದೇ ಫೈಲು ಹೋಗುತ್ತದೆ, ಲಿಬ್ ಫೋಲ್ಡರನ್ನು ಯಾರಾದರೂ ಅಳಿಸಿಬಿಡುವ ಭಯವಿಲ್ಲ. ಸಂಘದ ಕೆಲಸಕ್ಕೆ ನಾನು ಇದನ್ನೇ ಆರಿಸುತ್ತೇನೆ.

ಆದರೆ ಹಲವು ಬುಟ್ಟಿಯದ್ದನ್ನು ಒಂದಕ್ಕೆ ಸುರಿಯುವಾಗ ಎರಡು ಕಡೆ ಎಚ್ಚರ ಬೇಕು. ಕೆಲವು ಲೈಬ್ರರಿಗಳಿಗೆ ಮಾಡಿದವರ ಸಹಿ ಇರುತ್ತದೆ. ಸಹಿಯ ಫೈಲು ನಿನ್ನ ಜಾರ್‌ಗೆ ಬಂದು ಕೂತರೆ, ಒಳಗಿರುವುದು ಅದು ಸಹಿ ಹಾಕಿದ ಸಾಮಾನಲ್ಲವಲ್ಲ, ‘ಇನ್‌ವ್ಯಾಲಿಡ್ ಸಿಗ್ನೇಚರ್ ಫೈಲ್ ಡೈಜೆಸ್ಟ್’ ಎಂದು ಜಾವಾ ತಡೆಯುತ್ತದೆ. ಮೆಟಾ-ಇನ್ಫ್ ಒಳಗಿನ ಎಸ್‌ಎಫ್, ಡಿಎಸ್‌ಎ, ಆರ್‌ಎಸ್‌ಎ ಎಂದು ಮುಗಿಯುವ ಫೈಲುಗಳನ್ನು ಬಿಟ್ಟು ಕಟ್ಟು. ಇನ್ನೊಂದು ಇದಕ್ಕಿಂತ ಸೂಕ್ಷ್ಮ. ನಾಳೆ ಎಸ್‌ಕ್ಯೂಲೈಟ್ ಜತೆಗೆ ಮೈಎಸ್‌ಕ್ಯೂಎಲ್ ಡ್ರೈವರನ್ನೂ ಸೇರಿಸುತ್ತೀಯ ಎಂದುಕೋ. ತಾನು ಇಲ್ಲಿದ್ದೇನೆ ಎಂದು ಹೇಳಲು ಎರಡೂ ಡ್ರೈವರುಗಳು ‘ಸರ್ವಿಸಸ್’ ಫೋಲ್ಡರಿನಲ್ಲಿ ಒಂದೇ ಹೆಸರಿನ ಫೈಲಿಟ್ಟಿರುತ್ತವೆ. ಸುರಿದಾಗ ಒಂದು ಉಳಿದು ಇನ್ನೊಂದು ಹೋಗುತ್ತದೆ. ಡ್ರೈವರಿನ ಕ್ಲಾಸು ಜಾರ್ ಒಳಗೇ ಇದ್ದರೂ ‘ನೋ ಸೂಟಬಲ್ ಡ್ರೈವರ್’ ಎಂದು ಬರುವುದು ಹೀಗೆ. ಎರಡನ್ನೂ ಕೂಡಿಸಿ ಬರೆ ಎಂದು ಶೇಡ್‌ಗೆ ಹೇಳುವ ಸೌಲಭ್ಯವಿದೆ, ಅದನ್ನು ಹಾಕಿಕೋ.

ಒಂದು ಎರರ್ ಸರಿಮಾಡಿದ ಮೇಲೆ ಇನ್ನೊಂದು ಬಂದರೆ ಕುಗ್ಗಬೇಡ. ಹೊಸ ಎರರ್ ಬಂತೆಂದರೆ ಹಳೆಯದನ್ನು ದಾಟಿದ್ದೀಯ. ಅದೇ ಎರರ್ ಮತ್ತೆ ಬಂದರೆ, ಹಳೆಯ ಜಾರನ್ನೇ ಓಡಿಸುತ್ತಿಲ್ಲ ತಾನೆ ಎಂದು ಫೈಲಿನ ಸಮಯ ನೋಡು.

ಸಂಘದ ಕಂಪ್ಯೂಟರಿನಲ್ಲಿ ಜಾವಾ 17 ಇತ್ತು, ನಿನ್ನದೂ ಅದೇ. ಮುಂದೆ ಹೋಗುವ ಕಡೆ ಹಳೆಯ ಜಾವಾ 8 ಇರಬಹುದು. ಆಗ ಕ್ಲಾಸ್ ಫೈಲಿನ ವರ್ಶನ್ 61, ಇಲ್ಲಿಯದು 52ರವರೆಗೆ ಮಾತ್ರ ಓದಬಲ್ಲದು ಎಂಬ ಸಂದೇಶ ಬರುತ್ತದೆ. ಆ ಅಂಕಿಯಿಂದ 44 ಕಳೆ, ಜಾವಾ ಯಾವುದೆಂದು ಸಿಗುತ್ತದೆ. ಕಂಪೈಲ್ ಮಾಡುವಾಗಲೇ ‘--ರಿಲೀಸ್ 8’ ಎಂದು ಕೊಟ್ಟರೆ ಅಲ್ಲೂ ಓಡುತ್ತದೆ, ಜಾವಾ 8ರಲ್ಲಿ ಇಲ್ಲದ್ದೇನನ್ನಾದರೂ ನೀನು ಬಳಸಿದ್ದರೆ ಮನೆಯಲ್ಲೇ ಗೊತ್ತಾಗುತ್ತದೆ.

ಚಿತ್ರಗಳ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ವಿಂಡೋಸ್ ಫೋಲ್ಡರಿಗೆ ಇಂಗ್ಲಿಷಿನ ದೊಡ್ಡಕ್ಷರ, ಸಣ್ಣಕ್ಷರದ ಭೇದವಿಲ್ಲ, ಜಾರ್ ಒಳಗೆ ಇದೆ. ಜಾರ್ ಒಳಗಿನದು ಫೈಲ್ ಅಲ್ಲ, ಅದನ್ನು ‘ಗೆಟ್ ರಿಸೋರ್ಸ್ ಆ್ಯಸ್ ಸ್ಟ್ರೀಮ್’ ಎಂದು ಓದಬೇಕು. ನಿನ್ನ ಸಿ ಡ್ರೈವಿನ ದಾರಿ ಇನ್ನೊಬ್ಬರ ಯಂತ್ರದಲ್ಲಿ ಇರುವುದಿಲ್ಲ.

ಇನ್ನು ಹೇಳುವ ಎರಡು ಮಾತು ರೈತರ ಲೆಕ್ಕಕ್ಕೆ ಸೇರಿದವು. ಇಲ್ಲಿ ತಪ್ಪಿದರೆ ಹೋಗುವುದು ನಿನ್ನ ಮಾರ್ಕ್ಸ್ ಅಲ್ಲ.

ಡೇಟಾಬೇಸ್ ಫೈಲಿನ ಹೆಸರನ್ನಷ್ಟೇ ಬರೆದಿದ್ದೀಯ, ಅದು ಎಲ್ಲಿರಬೇಕೆಂದು ಬರೆದಿಲ್ಲ. ಜಾವಾ ಅದನ್ನು ತಾನು ಓಡುತ್ತಿರುವ ಫೋಲ್ಡರಿನಲ್ಲಿ ಹುಡುಕುತ್ತದೆ. ನಾಳೆ ಗುಮಾಸ್ತರು ಡೆಸ್ಕ್‌ಟಾಪಿನಲ್ಲೊಂದು ಶಾರ್ಟ್‌ಕಟ್ ಮಾಡಿಕೊಂಡು ಬೇರೆ ಫೋಲ್ಡರಿನಿಂದ ಓಡಿಸಿದರೆ ಅಲ್ಲಿ ಫೈಲು ಸಿಗುವುದಿಲ್ಲ. ಸಿಗದಿದ್ದರೆ ಎಸ್‌ಕ್ಯೂಲೈಟ್ ದೂರುವುದೂ ಇಲ್ಲ, ಸದ್ದಿಲ್ಲದೆ ಹೊಸ ಖಾಲಿ ಫೈಲು ಮಾಡಿಕೊಡುತ್ತದೆ. ಪರದೆಯಲ್ಲಿ ಒಬ್ಬ ರೈತನ ಹೆಸರೂ ಇರುವುದಿಲ್ಲ. ತೂಕಕ್ಕೆ ಚೀಲ ಇಳಿಸಿ ಸಾಲಿನಲ್ಲಿ ನಿಂತವರ ಮುಂದೆ ಆ ಗುಮಾಸ್ತರ ಸ್ಥಿತಿ ಏನಾಗಬೇಡ? ಲೆಕ್ಕದ ಫೈಲಿಗೆ ಜಾರ್‌ನಿಂದ ಬೇರೆಯಾಗಿ, ಬಳಕೆದಾರರ ಹೋಮ್ ಫೋಲ್ಡರಿನ ಕೆಳಗೆ ಒಂದು ನಿಶ್ಚಿತ ಜಾಗ ಮಾಡು. ಶುರುವಾದಾಗ ಅದು ಅಲ್ಲಿಲ್ಲದಿದ್ದರೆ ‘ಹೊಸ ಲೆಕ್ಕ ತೆರೆಯಲೇ?’ ಎಂದು ಕೇಳಲಿ, ತಾನಾಗಿ ತೆರೆಯದಿರಲಿ.

ಎರಡನೆಯದು ಕನ್ನಡ. ನಿನ್ನ ತಿಂಗಳ ಪಟ್ಟಿ ಟೆಕ್ಸ್ಟ್ ಫೈಲಿಗೆ ಬರೆಯುತ್ತದಲ್ಲ, ಅದನ್ನು ಜಾರ್‌ನಿಂದ ಓಡಿಸಿ ಒಮ್ಮೆ ತೆರೆದು ನೋಡು. ಹೆಸರಿನ ಜಾಗದಲ್ಲೆಲ್ಲ ಪ್ರಶ್ನೆಚಿಹ್ನೆಗಳ ಸಾಲು ಕಾಣುವ ಸಂಭವವೇ ಹೆಚ್ಚು. ಎಕ್ಲಿಪ್ಸ್ ತನ್ನ ಸೆಟ್ಟಿಂಗಿನಲ್ಲಿರುವ ಎನ್‌ಕೋಡಿಂಗನ್ನೇ ಕೊಟ್ಟು ಓಡಿಸುತ್ತದೆ, ಅದಕ್ಕೇ ಅಲ್ಲಿ ಸರಿ ಕಾಣುತ್ತಿತ್ತು. ಹೊರಗೆ ಬಂದರೆ ಜಾವಾ 17 ವಿಂಡೋಸಿನ ಹಳೆಯ ಅಕ್ಷರಪಟ್ಟಿಯನ್ನು ಹಿಡಿಯುತ್ತದೆ, ಆ ಪಟ್ಟಿಯಲ್ಲಿ ಕನ್ನಡದ ಅಕ್ಷರಗಳೇ ಇಲ್ಲ. 2022ರಲ್ಲಿ ಬಂದ ಜಾವಾ 18ರಿಂದ ಯುಟಿಎಫ್-8 ತಾನಾಗಿ ಸಿಗುತ್ತದೆ, ಆದರೆ ಅದನ್ನು ನಂಬಿ ಕೂರಬೇಡ. ಓದುವ, ಬರೆಯುವ ಪ್ರತಿ ಕಡೆಯೂ ಯುಟಿಎಫ್-8 ಎಂದು ನೀನೇ ಬರೆ, ಕಂಪೈಲರಿಗೂ ಹೇಳು. ಹೀಗೆ ಬಿದ್ದ ಪ್ರಶ್ನೆಚಿಹ್ನೆಯಿಂದ ಹೆಸರನ್ನು ಮತ್ತೆ ಎತ್ತಲಾಗದು, ಅಕ್ಷರ ಅಲ್ಲಿಗೇ ಅಳಿಸಿಹೋಗಿರುತ್ತದೆ. ನಿಮ್ಮ ತಾಲೂಕಿನ ತಾಳಗುಂದದಲ್ಲಿ ಕುಬ್ಜ ಎಂಬ ಕವಿ ತಾನೇ ಕಾವ್ಯ ಕಟ್ಟಿ ತಾನೇ ಕಲ್ಲಿಗೆ ಬರೆದ. ಹದಿನೈದು ಶತಮಾನದ ಮೇಲೂ ಆ ಕಂಬದ ಅಕ್ಷರ ಓದಲು ಸಿಗುತ್ತದೆ. ಒಬ್ಬ ರೈತನ ಹೆಸರು ನಿನ್ನ ಪಟ್ಟಿಯಲ್ಲಿ ಒಂದು ತಿಂಗಳಾದರೂ ನೆಟ್ಟಗೆ ಉಳಿಯಬೇಡವೇ?

ಇಷ್ಟೆಲ್ಲ ಸರಿಹೋದ ಮೇಲೆ ‘ಜೆಪ್ಯಾಕೇಜ್’ ಕಲಿ. 2020ರಲ್ಲಿ ಜೆಡಿಕೆ 14ರ ಜತೆ ಪ್ರಯೋಗಕ್ಕೆಂದು ಬಂದು, 2021ರಲ್ಲಿ 16ರಿಂದ ಖಾಯಂ ಆಯಿತು. ಜಾರ್ ಜತೆಗೆ ಜಾವಾವನ್ನೇ ಕಟ್ಟಿಕೊಡುತ್ತದೆ, ಹೋದ ಕಡೆ ಜಾವಾ ಇದೆಯೋ ಇಲ್ಲವೋ ಎಂಬ ಚಿಂತೆ ಇಲ್ಲ. ಗಾತ್ರ ಹಲವು ಪಟ್ಟು ಹೆಚ್ಚುತ್ತದೆ, ವಿಂಡೋಸಿನದ್ದನ್ನು ವಿಂಡೋಸಿನಲ್ಲೇ ಕಟ್ಟಬೇಕು. ಮೊದಲು ‘ಆ್ಯಪ್-ಇಮೇಜ್’ ಬಗೆಯಲ್ಲಿ ಕಟ್ಟು. ಇನ್‌ಸ್ಟಾಲರ್ ಮಾಡಲು ಬೇಕಾಗುವ ಹೆಚ್ಚಿನ ಉಪಕರಣದ ತಾಪತ್ರಯ ಇದಕ್ಕಿಲ್ಲ. ಪರೀಕ್ಷೆ ಮಾಡುವಷ್ಟು ದಿನ ಕನ್ಸೋಲ್ ತೋರಿಸುವ ಆಯ್ಕೆ ಹಾಕಿಟ್ಟುಕೋ. ಆದರೆ ಇದನ್ನೇ ಮೊದಲು ಹಿಡಿಯಬೇಡ. ಜಾರ್‌ನಲ್ಲಿ ಓಡದ್ದು ಜೆಪ್ಯಾಕೇಜಿನಲ್ಲೂ ಓಡುವುದಿಲ್ಲ, ಹುಡುಕುವ ಜಾಗ ಮಾತ್ರ ದೊಡ್ಡದಾಗುತ್ತದೆ.

ಸಂಘಕ್ಕೆ ಮತ್ತೆ ಹೋಗಲು ನಾಚಿಕೆ ಅಂದೆ. ಪುಟ್ಟಿ, ಅಲ್ಲಿ ನಿಂತಿದ್ದವರು ನಗಲಿಲ್ಲ ಎಂದು ನೀನೇ ಹೇಳಿದೆ. ಅವರಿಗೆ ಈ ಪ್ರೋಗ್ರಾಮು ಬೇಕಾಗಿದೆ. ಕೊಯ್ಲು ಶುರುವಾಗಿದೆ, ಅಂಗಳದ ತುಂಬ ಅಡಿಕೆ ಒಣಗುತ್ತಿದೆ, ತೂಕದ ಚೀಟಿಗಳನ್ನು ಈಗಲೂ ರಬ್ಬರ್ ಬ್ಯಾಂಡ್ ಹಾಕಿ ಡ್ರಾಯರಿನಲ್ಲಿಡುತ್ತಿದ್ದಾರೆ.

ಈ ಭಾನುವಾರ ಇಲ್ಲಿಗೆ ಬಾ. ನನ್ನ ಹಳೆಯ ಕಂಪ್ಯೂಟರಿನಲ್ಲಿ ಜಾವಾ 8 ಇದೆ, ಎಕ್ಲಿಪ್ಸ್ ಇಲ್ಲ, ಇಂಟರ್‌ನೆಟ್ಟೂ ಇಲ್ಲ. ದೊಡ್ಡಮ್ಮ ಕೊಟ್ಟೆಕಡುಬು ಮಾಡುತ್ತಾಳಂತೆ. ಪೆನ್‌ಡ್ರೈವಿನಲ್ಲಿ ಜಾರ್ ಒಂದನ್ನೇ ಹಾಕಿಕೊಂಡು ಬಾ, ಲ್ಯಾಪ್‌ಟಾಪ್ ತರಬೇಡ.

ನಿನ್ನ ದೊಡ್ಡಪ್ಪ