ಪರದೆಯ ಪಾಠ: ಚಪ್ಪಟೆಯಾದ ಅಲೆ

2020ರಲ್ಲಿ ಕಾಲೇಜುಗಳು ಮುಚ್ಚಿದ್ದಾಗ ನಾವು ಕಾಪುವಿನ ಮನೆಯಲ್ಲಿ ಕುಳಿತು, ಗಣಕಯಂತ್ರದ ಪರದೆಯನ್ನೂ ನಮ್ಮ ಮಾತನ್ನೂ ಒಟ್ಟಿಗೆ ಮುದ್ರಿಸಿ ಪಾಠ ಕಳುಹಿಸುತ್ತಿದ್ದೆವು. ಹಂಚಿನ ಮಾಡಿನ ಮೇಲೆ ಆಷಾಢದ ಮಳೆ. ಅದನ್ನು ಮೀರಿಸಲೆಂದು ಮೈಕಿನ ಮಟ್ಟವನ್ನು ತುದಿಗೇರಿಸಿದೆವು. ಕಾರ್ಕಳದ ವಿದ್ಯಾರ್ಥಿನಿಯೊಬ್ಬಳಿಗೆ ಕೇಳಿಸಿದ್ದು ಪಾಠವಲ್ಲ, ಬರಿಯ ಕರಕರ ಶಬ್ದ.

ಧ್ವನಿಯೆಂಬುದು ವಾಯುವಿನ ಒತ್ತಡದ ಏರಿಳಿತವೆಂಬುದನ್ನು ವಾಚಕರು ಬಲ್ಲರು. ಗಣಕವು ಇದನ್ನು ಸಾಮಾನ್ಯವಾಗಿ ಸೆಕೆಂಡಿಗೆ 48,000 ಬಾರಿ ಅಳೆದು ಅಂಕಿಗಳಾಗಿ ಬರೆದಿಡುತ್ತದೆ. ನಮ್ಮ ಕಿವಿಯ ಮಿತಿ ಸೆಕೆಂಡಿಗೆ ಸುಮಾರು 20,000 ಕಂಪನಗಳು. ಅದರ ಇಮ್ಮಡಿಗಿಂತ ಹೆಚ್ಚು ಬಾರಿ ಅಳೆದರೆ ಸಾಕಾದ್ದರಿಂದ ಆ ಸಂಖ್ಯೆಯನ್ನು ಮುಟ್ಟಬೇಕಾಗಿಲ್ಲ. ತೊಡಕಿರುವುದು ಅಲೆಯ ಎತ್ತರದಲ್ಲಿ. ಬರೆಯಬಹುದಾದ ಅತಿ ದೊಡ್ಡ ಅಂಕಿಯೇ 0 ಡೆಸಿಬೆಲ್. ಅದನ್ನು ಮೀರಿದ ಅಲೆಯ ನೆತ್ತಿ ಕತ್ತರಿಸಿದಂತೆ ಚಪ್ಪಟೆಯಾಗುತ್ತದೆ. ಬಳಿಕ ಮಟ್ಟವನ್ನು ಎಷ್ಟು ತಗ್ಗಿಸಿದರೂ ಅದರ ನಿಜವಾದ ಆಕಾರ ಮರಳಿ ಬಾರದು.

ಓ.ಬಿ.ಎಸ್. ಸ್ಟುಡಿಯೋ ಎಂಬ ಉಚಿತ ತಂತ್ರಾಂಶದ ಮಾಪಕದಲ್ಲಿ −9ರಿಂದ ಮೇಲೆ ಕೆಂಪು ಬಣ್ಣ. ಮಾತಿನ ನೆತ್ತಿಗಳು −12ರ ಆಸುಪಾಸಿನಲ್ಲಿರಲಿ. ಆಗ ಅಲೆಯ ಎತ್ತರ ಗರಿಷ್ಠದ ಕಾಲುಭಾಗ ಮಾತ್ರ. ಹಾಗಾದರೆ ಮಳೆಗೆ ಮದ್ದೇನು? ಬಾಯಿಯಿಂದ ಎರಡಡಿ ದೂರದಲ್ಲಿದ್ದ ಮೈಕನ್ನು ಒಂದಡಿಗೆ ತಂದರೆ ಮಾತು ಸುಮಾರು 6 ಡೆಸಿಬೆಲ್ ಏರುತ್ತದೆ. ಮಳೆಯ ಸದ್ದು ಇದ್ದಷ್ಟೇ ಇರುತ್ತದೆ. ಭೌತಶಾಸ್ತ್ರ ಬೋಧಿಸುವ ನಮಗೇ ಇದು ಹೊಳೆಯಲು ಒಂದು ವಾರ ಬೇಕಾಯಿತು!

ಇನ್ನು ವಾಟರ್‌ಮಾರ್ಕ್, ಅಂದರೆ ನೀರ್ಗುರುತು. ಲಾಂಛನವೊಂದನ್ನು ಶೇಕಡಾ 25ರ ದಟ್ಟತೆಯಲ್ಲಿಟ್ಟರೆ ಅಲ್ಲಿನ ಪ್ರತಿಯೊಂದು ಬಿಂದುವೂ ಲಾಂಛನದ ಕಾಲುಭಾಗ, ಪಾಠದ ಮುಕ್ಕಾಲು ಭಾಗ ಬೆರೆತ ಬಣ್ಣವಾಗುತ್ತದೆ. ಬೆರೆತುದನ್ನು ಬೇರ್ಪಡಿಸುವುದು ಸುಲಭವಲ್ಲ. ನಮ್ಮ ಗುರುತು ಒಮ್ಮೆ 10ರ ಘಾತಾಂಕವನ್ನೇ ಮಸುಕಾಗಿಸಿದ್ದುಂಟು. ಅಂದಿನಿಂದ ಗುರುತಿಲ್ಲದ ಮೂಲಪ್ರತಿಯನ್ನು ನಾವೇ ಇರಿಸಿಕೊಂಡು, ವಿದ್ಯಾರ್ಥಿಗಳಿಗೆ ಕಳುಹಿಸುವ ಪ್ರತಿಗೆ ಮಾತ್ರ ಅದನ್ನು ಸೇರಿಸುತ್ತಿದ್ದೇವೆ.